ವಂಶಾವಳಿ ಫೈಲುಗಳನ್ನು ಕ್ಲೌಡ್‌ನಲ್ಲಿ ಇಟ್ಟವರು ಯಾರಾದ್ರೂ ಇದ್ದೀರಾ? ನಿಮ್ಮ ಅನುಭವ ಹೇಳಿ

ಧಾರವಾಡದ ಮೊಮ್ಮಗ
ನಮ್ಮ ಮನೆತನದ್ದು 9 ತಲೆಮಾರು, 640 ಹೆಸರು, ಗ್ರಾಂಪ್ಸ್ ಅನ್ನೋ ವಂಶಾವಳಿ ಸಾಫ್ಟ್‌ವೇರ್‌ನಲ್ಲಿ ಹಾಕಿದ್ದೇನೆ. ಊರೂರು ತಿರುಗಿ ವಂಶಾವಳಿ ಹೇಳುವ ಹೆಳವರು ಬಂದಾಗ ಹೇಳಿಸಿಕೊಂಡ 3 ಗಂಟೆ ಆಡಿಯೋ ಇದೆ. ಅಜ್ಜನ ಜಮಾಖರ್ಚು ಪುಸ್ತಕದ ಸ್ಕ್ಯಾನ್, ಹಳೇ ಫೋಟೋ ಎಲ್ಲಾ ಸೇರಿ 40 ಜಿಬಿ. ನಾನು ಬೆಂಗಳೂರಿನಲ್ಲಿ, ಅಣ್ಣ ಊರಲ್ಲಿ. ಇಬ್ಬರೂ ಸೇರಿಸುತ್ತಾ ಇರುತ್ತೇವೆ. ಯಾವ ಕ್ಲೌಡ್ ಒಳ್ಳೆಯದು?

ತೋಟದಮನೆ
ಯಾವುದು ಅನ್ನೋದು ಆಮೇಲೆ. ಮೊದಲು ನನ್ನ ಗತಿ ಕೇಳಿ. ನಾನು ಗ್ರಾಂಪ್ಸ್‌ನ ಡೇಟಾಬೇಸ್ ಫೋಲ್ಡರನ್ನೇ ಕ್ಲೌಡಿನ ಸಿಂಕ್‌ಗೆ ಹಾಕಿದ್ದೆ, ನನ್ನ ಕಂಪ್ಯೂಟರಲ್ಲೂ ತಂಗಿಯದರಲ್ಲೂ ತಾನಾಗೇ ಒಂದೇ ಥರ ಇರಲಿ ಅಂತ. ಭಾರಿ ಬುದ್ಧಿವಂತ ಅಂದುಕೊಂಡಿದ್ದೆ. ಒಂದಿನ ತೀರ್ಥಹಳ್ಳಿಯಲ್ಲಿ ಫೈಲು ತೆರೆದಿಟ್ಟು ಊಟಕ್ಕೆ ಎದ್ದೆ. ಅದೇ ಹೊತ್ತಿಗೆ ತಂಗಿ ಪುಣೆಯಲ್ಲಿ ತೆರೆದಳು. ಆಷಾಢದ ಮಳೆ, ಕರೆಂಟು ಹೋಯಿತು, ನೆಟ್ಟೂ ಹೋಯಿತು. ಮರುದಿನ ನೋಡಿದರೆ ಒಂದು ಫೈಲು ಎರಡಾಗಿದೆ. ಒಂದರ ಹೆಸರಿನ ಬಾಲಕ್ಕೆ ‘ಕಾನ್‌ಫ್ಲಿಕ್ಟೆಡ್ ಕಾಪಿ’ ಅಂತ ಅಂಟಿಕೊಂಡಿದೆ. ಎರಡೂ ತೆರೆಯಲಿಲ್ಲ.

ಗ್ರಾಂಪ್ಸ್ ಒಳಗಿರುವುದು ಎಸ್‌ಕ್ಯುಲೈಟ್ ಅನ್ನೋ ಡೇಟಾಬೇಸ್. ಬರೆಯುತ್ತಿರುವಾಗ ಅರ್ಧಕ್ಕೇ ಎತ್ತಿಕೊಂಡು ಹೋದರೆ ಕೆಡದೆ ಇನ್ನೇನು? ಕ್ಲೌಡಿನವರನ್ನು ಬೈಯಲ್ಲ, ತಪ್ಪು ನನ್ನದೇ. ಆದರೆ 4 ತಿಂಗಳ ಕೆಲಸ ನೀರಿಗೆ ಹೋಯಿತು. ಅದರಲ್ಲಿ ಚಿಕ್ಕಜ್ಜಿಯ ತವರಿನ 70 ಹೆಸರು ಇದ್ದವು. ಚಿಕ್ಕಜ್ಜಿ ಯುಗಾದಿ ಹೊತ್ತಿಗೇ ತೀರಿಕೊಂಡಿದ್ದರು. ಮತ್ತೆ ಯಾರನ್ನು ಕೇಳಲಿ?

ಈಗ ಡೇಟಾಬೇಸ್ ಕಂಪ್ಯೂಟರ್ ಬಿಟ್ಟು ಕದಲುವುದಿಲ್ಲ. ಭಾನುವಾರ ರಾತ್ರಿ ಜಿಪಿಕೆಜಿ ಪ್ಯಾಕೇಜ್, ಅಂದ್ರೆ ಎಲ್ಲಾ ಒಟ್ಟಿಗೆ ಕಟ್ಟಿದ ಗ್ರಾಂಪ್ಸ್‌ನ ಒಂದೇ ಫೈಲು ಮಾಡುತ್ತೇನೆ. ಫೋಟೋಗಳೂ ಅದರೊಳಗೇ ಬರುತ್ತವೆ. ಹೆಸರಲ್ಲಿ ತಾರೀಖು ಹಾಕಿ ಅದನ್ನು ಮಾತ್ರ ಮೇಲಕ್ಕೆ ಕಳಿಸುತ್ತೇನೆ. ಒಂದು ಸಲಕ್ಕೆ ಒಬ್ಬರೇ ಬರೆಯಬೇಕು. ಕೂರುವ ಮೊದಲು ತಂಗಿಗೆ ‘ನಾನು ಕೂತೆ’ ಅಂತ ವಾಟ್ಸಾಪ್ ಮಾಡುತ್ತೇನೆ. ಎದ್ದಾಗ ‘ಎದ್ದೆ’.

ಹುಬ್ಬಳ್ಳಿ ಸ್ಕ್ಯಾನರ್
ಈ ಕೂತೆ ಎದ್ದೆ ಎಲ್ಲಾ ಯಾಕ್ರೀ ಬೇಕು? ನಾನು 2016ರಿಂದ ಹಾರ್ಡ್‌ಡಿಸ್ಕ್‌ನಲ್ಲೇ ಇಟ್ಟಿದ್ದೇನೆ. ಮೂರು ಪ್ರತಿ. ಮೊದಲನೆಯದಕ್ಕೆ 4,200 ಕೊಟ್ಟೆ, ಎರಡನೆಯದು 3,900, ಮೂರನೆಯದು ದೀಪಾವಳಿ ಆಫರ್‌ನಲ್ಲಿ 3,650. ಒಟ್ಟು 11,750, ಅಷ್ಟೇ. ಆಮೇಲೆ ಒಂದು ಪೈಸೆ ಖರ್ಚಿಲ್ಲ.

ನಾನು ಸ್ಕ್ಯಾನ್ ಮಾಡುವುದು 600 ಡಿಪಿಐ ಬಣ್ಣದ ಟಿಫ್, ಕುಗ್ಗಿಸದ ಚಿತ್ರದ ಫೈಲು. ಒಂದು ಎ4 ಪುಟ ಅಂದ್ರೆ 100 ಎಂಬಿ. ಗೂಗಲ್ ಕೊಡುವ ಪುಕ್ಕಟೆ 15 ಜಿಬಿ 150 ಪುಟಕ್ಕೇ ಖಾಲಿ. ಅದೂ ಜಿಮೇಲ್, ಫೋಟೋಸ್, ಡ್ರೈವ್ ಮೂರಕ್ಕೂ ಸೇರಿ 15. 2021ರ ಜೂನ್‌ವರೆಗೆ ಫೋಟೋಗಳನ್ನು ಸ್ವಲ್ಪ ಕುಗ್ಗಿಸಿ ಎಷ್ಟು ಬೇಕಾದರೂ ಇಡಬಹುದಿತ್ತು. ಅದೂ ನಿಂತಿತಲ್ಲ. ತಿಂಗಳಾ ಬಾಡಿಗೆ ಕಟ್ಟಿ ಅಜ್ಜನನ್ನು ಬಾಡಿಗೆ ಮನೆಯಲ್ಲಿ ಇಟ್ಟ ಹಾಗೆ.

ಅಟ್ಲಾಂಟಾ ಅತ್ತಿಗೆ
ಮೂರು ಡಿಸ್ಕೂ ಒಂದೇ ಬೀರುವಿನಲ್ಲಿ ಇವೆಯಾ?

ಹುಬ್ಬಳ್ಳಿ ಸ್ಕ್ಯಾನರ್
ಕಬ್ಬಿಣದ ಬೀರು. ಬೀಗ ಇದೆ.

ಅಟ್ಲಾಂಟಾ ಅತ್ತಿಗೆ
ನೀರಿಗೂ ಬೆಂಕಿಗೂ ಬೀಗ ಗೊತ್ತಾಗಲ್ಲ ಸ್ವಾಮಿ. ಮೂರು ಪ್ರತಿ, ಎರಡು ಥರದ ಜಾಗ, ಒಂದು ಮನೆಯಿಂದ ಹೊರಗೆ ಅಂತ ಹೇಳುವುದು ಸುಮ್ನೆ ಅಲ್ಲ.

ಆದರೆ ಕ್ಲೌಡ್ ಬಗ್ಗೆ ನನಗೂ ಗಾಯ ಇದೆ. ಅಪ್ಪ ಮೈಸೂರಿನ ಮನೆಯ ಕಾಗದ, ಪತ್ರ, ಮದುವೆ ಆಲ್ಬಮ್ ಎಲ್ಲಾ ತಮ್ಮ ಅಕೌಂಟಿಗೆ ಹಾಕಿದ್ದರು. ಅವರು ಹೋದ ಮೇಲೆ ಅವರ ಸಿಮ್ ರೀಚಾರ್ಜ್ ಮಾಡುವುದು ಯಾರಿಗೂ ನೆನಪಾಗಲಿಲ್ಲ. ನಂಬರ್ ಬೇರೆ ಯಾರಿಗೋ ಹೋಯಿತು. ನನ್ನ ಹತ್ತಿರ ಪಾಸ್‌ವರ್ಡ್ ಇದೆ, ಓಟಿಪಿ ಮಾತ್ರ ಆ ಅಪರಿಚಿತನ ಫೋನಿಗೆ ಹೋಗುತ್ತದೆ. ಒಮ್ಮೆ ಇಲ್ಲಿಂದಲೇ ಫೋನ್ ಮಾಡಿ ಬೇಡಿಕೊಂಡೆ. ಆತ ನನ್ನನ್ನೇ ಮೋಸಗಾರ್ತಿ ಅಂದುಕೊಂಡು ಬೈದು ಇಟ್ಟ. ತಪ್ಪೇನಿಲ್ಲ ಬಿಡಿ, ಓಟಿಪಿ ಕೇಳಿದರೆ ನಾನೂ ಬೈಯುತ್ತಿದ್ದೆ.

ಗೂಗಲ್‌ನವರು 2 ವರ್ಷ ಮುಟ್ಟದ ಅಕೌಂಟನ್ನು ಅಳಿಸಬಹುದು ಅಂತ 2023ರಲ್ಲೇ ಹೇಳಿದ್ದಾರೆ. ಸೆಟ್ಟಿಂಗ್‌ನಲ್ಲಿ ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ ಅಂತ ಇದೆ. ನಮ್ಮ ನಂತರ ಯಾರಿಗೆ ಸಿಗಬೇಕು ಅಂತ ಅಲ್ಲಿ ಬರೆದಿಡಬಹುದು. ಈಗಲೇ ಬರೆಯಿರಿ. ಅಪ್ಪಂದಿರಿಗೂ ಕೂತು ಬರೆಸಿ.

ಮಂಡ್ಯ ಹೈದ
ಸಿಂಕ್ ಅಂದ್ರೆ ಕನ್ನಡಿ ಕಣ್ರೀ, ಪೆಟ್ಟಿಗೆ ಅಲ್ಲ. ಈ ಕಡೆ ಅಳಿಸಿದರೆ ಆ ಕಡೆಯೂ ಮಾಯ. ನಮ್ಮ ಅಳಿಯ ಲ್ಯಾಪ್‌ಟಾಪ್‌ನಲ್ಲಿ ಜಾಗ ಇಲ್ಲ ಅಂತ ‘ಹೆಳವರು’ ಫೋಲ್ಡರ್ ತೆಗೆದುಬಿಟ್ಟ. ಅದು ಹಾಡಿನ ಫೋಲ್ಡರ್ ಅಂದುಕೊಂಡನಂತೆ! ನಾವು ನೋಡಿದ್ದು ಎರಡು ತಿಂಗಳಾದ ಮೇಲೆ. ಕಸದಬುಟ್ಟಿಯಲ್ಲಿ 30 ದಿನ ಮಾತ್ರ ಇರುತ್ತದೆ. ಎತ್ತಿನ ಮೇಲೆ ಕೂತು, ಗಂಟೆ ಆಡಿಸಿಕೊಂಡು ಬಂದವರನ್ನು ಜಗಲಿಯಲ್ಲಿ ಕೂರಿಸಿ, ಒಂದು ಮೂಟೆ ರಾಗಿ, ಪಂಚೆ, 2,000 ರೂಪಾಯಿ ಕೊಟ್ಟು ಹೇಳಿಸಿದ್ದು. ಅವರು ನಮ್ಮೂರಿಗೆ ಮತ್ತೆ ಬಂದಿದ್ದು 3 ವರ್ಷಕ್ಕೆ. ಈ ಸಲ ಮಗ ಬಂದಿದ್ದ. ಅಪ್ಪನ ಕಂಠ ಅವನಿಗೆ ಇಲ್ಲ.

ಉಡುಪಿ ಬಳಿಯವಳು
ಗ್ರಾಂಪ್ಸ್ ಇಲ್ಲದವರಿಗೆ ಕೊಡೋಣ ಅಂತ ಬರೀ ಗೆಡ್‌ಕಾಮ್ (ಬೇರೆ ವಂಶಾವಳಿ ಸಾಫ್ಟ್‌ವೇರ್‌ಗಳೂ ಓದುವ ಫೈಲು) ಇಟ್ಟುಕೊಳ್ಳಬೇಡಿ. ಅದರಲ್ಲಿ ಫೋಟೋ ಇರಲ್ಲ, ಫೋಟೋ ಎಲ್ಲಿದೆ ಅನ್ನುವ ವಿಳಾಸ ಇರುತ್ತದೆ. ನಾನು ಮುಂಬೈಯ ದೊಡ್ಡಮ್ಮನಿಗೆ ಹಾಗೇ ಕಳಿಸಿ ಅವಮಾನ ಆಯಿತು. 212 ಫೋಟೋ ಇರಬೇಕಾದ ಕಡೆ 212 ಖಾಲಿ ಚೌಕ.

ಇನ್ನೊಂದು. 640 ಹೆಸರಲ್ಲಿ ಹೆಂಗಸರು ಎಷ್ಟು? ನಮ್ಮ ಕಡೆ ಅಳಿಯಕಟ್ಟು, ಬಳಿ ಅಂದ್ರೆ ಕುಲ ತಾಯಿಯಿಂದ ಬರುತ್ತದೆ. ನಿಮ್ಮ ಘಟ್ಟದ ಮೇಲಿನ ವಂಶಾವಳಿ ನೋಡಿದರೆ ಗಂಡಸರೇ ಗಂಡಸರನ್ನು ಹೆತ್ತ ಹಾಗಿರುತ್ತದೆ.

ಮಂಡ್ಯ ಹೈದ
ಹೆಳವರು ಹೇಳಿದ್ದನ್ನು ಬರೆಯುತ್ತೇವೆ ತಾಯಿ. ಅವರು ಹೇಳದ್ದನ್ನು ನಾವು ಹುಟ್ಟಿಸಿ ಬರೆಯೋಣವಾ?

ಉಡುಪಿ ಬಳಿಯವಳು
ಹುಟ್ಟಿಸುವುದು ಯಾಕೆ? ನಿಮ್ಮ ಅಜ್ಜಿಯ ಹೆಸರನ್ನು ಅಜ್ಜಿಯನ್ನೇ ಕೇಳಬಹುದಿತ್ತಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದು ಮಗಳಿಗೆ ಆಸ್ತಿಯಲ್ಲಿ ಸಮಪಾಲು ಸಿಕ್ಕಿತು. ವಂಶದ ಮರದಲ್ಲಿ ಒಂದು ಕೊಂಬೆ ಇನ್ನೂ ಸಿಕ್ಕಿಲ್ಲ.

ಹುಬ್ಬಳ್ಳಿ ಸ್ಕ್ಯಾನರ್
ಇಲ್ಲಿ ಆಸ್ತಿ ಯಾಕೆ ಬಂತು? ಬ್ಯಾಕಪ್ ಬಗ್ಗೆ ಮಾತಾಡಿ.

ಅಟ್ಲಾಂಟಾ ಅತ್ತಿಗೆ
ಬ್ಯಾಕಪ್ ಬಗ್ಗೆ ಮಾತಾಡಿದಾಗ ನೀವು ಬೀರು ತೋರಿಸಿದಿರಿ.

ಹಳೇ ಡಿಟಿಪಿ
ಜಗಳದ ನಡುವೆ ಒಂದು ಮಾತು. ನನ್ನದು ಕ್ಲೌಡ್‌ನಲ್ಲೂ ಇದೆ, ಡಿಸ್ಕ್‌ನಲ್ಲೂ ಇದೆ, ಏನೂ ಕೆಟ್ಟಿಲ್ಲ. ಆದರೆ ಓದಲು ಆಗಲ್ಲ. 1999ರಿಂದ 2006ರವರೆಗೆ ಟೈಪ್ ಮಾಡಿದ್ದೆಲ್ಲಾ ಯೂನಿಕೋಡ್ (ಈಗ ಎಲ್ಲಾ ಕಂಪ್ಯೂಟರಲ್ಲೂ ಓದಲು ಬರುವ ಅಕ್ಷರ ಪದ್ಧತಿ) ಅಲ್ಲದ ಫಾಂಟ್‌ನಲ್ಲಿ. ಈಗ ತೆರೆದರೆ ಮುತ್ತಾತನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರದ ಕಲಬೆರಕೆ. ಪರಿವರ್ತಕಕ್ಕೆ ಹಾಕಿದೆ. ಮುಕ್ಕಾಲು ಪಾಲು ಬಂತು, ಒತ್ತಕ್ಷರ ಮತ್ತು ಅರ್ಕಾವತ್ತು ಕೆಲವು ಕಡೆ ಎಡವಿದವು. 300 ಪುಟ ಕೂತು ತಿದ್ದುತ್ತಿದ್ದೇನೆ. ದಿನಕ್ಕೆ 4 ಪುಟ. ಕಣ್ಣು ಬೇರೆ ಆಪರೇಷನ್ ಆಗಿದೆ. ಮೇಲಕ್ಕೆ ಹಾಕುವ ಮೊದಲು ಯೂನಿಕೋಡ್ ಮಾಡಿ, ಜೊತೆಗೊಂದು ಪಿಡಿಎಫ್ ಇಡಿ.

ಧಾರವಾಡದ ಮೊಮ್ಮಗ
ಎಲ್ಲರಿಗೂ ಥ್ಯಾಂಕ್ಸ್. ಪ್ಯಾಕೇಜ್ ಮಾಡಿ ಹಾಕುತ್ತೇನೆ. ಆದರೆ ಯಾವ ಕ್ಲೌಡ್ ಅಂತ…

ತೋಟದಮನೆ
40 ಜಿಬಿ ಅಲ್ವಾ, ಯಾವುದರಲ್ಲಾದರೂ 100 ಜಿಬಿ ತಗೊಳ್ಳಿ. ನಾನು ಗೂಗಲ್‌ನದು ತಗೊಂಡಾಗ ವರ್ಷಕ್ಕೆ 1,300 ಇತ್ತು. ಸ್ಕ್ಯಾನ್ ಮತ್ತು ಆಡಿಯೋ ಒಂದೇ ಸಲ ಹಾಕಿ, ಬದಲಾಗುವುದು ಮರದ ಫೈಲು ಮಾತ್ರ.

ಉಡುಪಿ ಬಳಿಯವಳು
ಹೆಂಗಸರ ಲೆಕ್ಕ ಇನ್ನೂ ಹೇಳಲಿಲ್ಲ.

ಧಾರವಾಡದ ಮೊಮ್ಮಗ
ಎಣಿಸಿದೆ. 131. ಅದರಲ್ಲಿ 48 ಕಡೆ ‘ಹೆಂಡತಿ’ ಅಂತಷ್ಟೇ ಇದೆ.

ಹುಬ್ಬಳ್ಳಿ ಸ್ಕ್ಯಾನರ್
ಯಾರ ಮಾತೂ ಕೇಳಿ ಅಲ್ಲ, ಸುಮ್ನೆ ಮೂರೂ ಡಿಸ್ಕ್ ಹಾಕಿ ನೋಡಿದೆ. ಮೊದಲನೆಯದು ಸರಿ ಇದೆ. ಮೂರನೆಯದೂ ಸರಿ, ಆದರೆ ಅದಕ್ಕೆ ಕೊನೆಯ ಸಲ ತುಂಬಿಸಿದ್ದು 2019ರಲ್ಲಿ. ಎರಡನೆಯದು ಕಟಕಟ ಅನ್ನುತ್ತಿದೆ, ಕಂಪ್ಯೂಟರ್‌ನಲ್ಲಿ ಕಾಣುತ್ತಿಲ್ಲ. ಹುಬ್ಬಳ್ಳಿಯಲ್ಲಿ ನಂಬುವಂಥ ರಿಕವರಿ ಅಂಗಡಿ ಇದ್ದರೆ ಹೇಳಿ. ಬೀರುವಿನ ವಿಷಯ ಯಾರೂ ಎತ್ತಬೇಡಿ.