ಕಷ್ಟದ ವರ್ಷದಲ್ಲಿ ಸಂಘಕ್ಕೆ ಎಂಥ ಪ್ರತಿನಿಧಿ ಬೇಕು?

ಸಿರಾ_ಸದಸ್ಯೆ:
ನಮ್ಮದು ಸಿರಾ ಕಡೆಯ ಒಂದು ಸ್ತ್ರೀಶಕ್ತಿ ಸಂಘ. ಮಳೆ ಕೈಕೊಟ್ಟು ಕಡ್ಲೆಕಾಯಿ ಬೆಳೆ ಹೋಯಿತು. ಅರ್ಧ ಜನ ಕಂತು ಕಟ್ಟಿಲ್ಲ. ವಾರದ ಸಭೆಯಲ್ಲಿ ಬರೀ ಜಗಳ. ಈಗ ಹೊಸ ಪ್ರತಿನಿಧಿಯನ್ನು ಆರಿಸಬೇಕು. ಒಬ್ಬರು ಬ್ಯಾಂಕಿನಲ್ಲಿ ಗಟ್ಟಿಯಾಗಿ ಮಾತಾಡುತ್ತಾರೆ. ಇನ್ನೊಬ್ಬರದು ಮಾತು ಕಡಿಮೆ, ಆದರೆ ಸಾಲದ ಪುಸ್ತಕ ಬರೆಯುವವರು ಅವರೇ. ಯಾರ ಮನೆಯಲ್ಲಿ ಏನು ತೊಂದರೆ ಅಂತ ಅವರಿಗೆ ಗೊತ್ತು. ಯಾರು ಆದರೆ ಒಳ್ಳೆಯದು?

ತುಮಕೂರಿನವ:
ಗಟ್ಟಿ ಮಾತಿನವರೇ ಇರಲಿ. ನೋಟಿಸ್ ಬಂದಾಗ ಎದ್ದು ಕೇಳುವವರು ಬೇಕು ಅಲ್ವಾ?

ನಿವೃತ್ತ_ಮೈನಿಂಗ್_ಮೇಟ್:
ನನ್ನ ಮತ ಪುಸ್ತಕ ಬರೆಯುವವರಿಗೆ, ತಾಯಿ. ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವನು ನಾನು. 2010ರಲ್ಲಿ ಚಿಲಿ ದೇಶದ ಸಾನ್ ಹೋಸೆ ಗಣಿ ಕುಸಿದಾಗ ಟಿವಿ ಬಿಟ್ಟು ಏಳಲಿಲ್ಲ.

ಆಗಸ್ಟ್ 5ಕ್ಕೆ 33 ಜನ ಸುಮಾರು 700 ಮೀಟರ್ ಆಳದಲ್ಲಿ ಸಿಕ್ಕಿಬಿದ್ದರು. ಅವರು ಬದುಕಿದ್ದಾರೆ ಅಂತ ಮೇಲಿನವರಿಗೆ ಗೊತ್ತಾಗಿದ್ದು 17 ದಿನದ ನಂತರ. ಅಷ್ಟು ದಿನ ಇದ್ದದ್ದು ಒಂದಿಷ್ಟು ಡಬ್ಬಿ ಮೀನು, ಬಿಸ್ಕತ್ತು, ಹಾಲು. ಹಸಿವು ತಡೆಯದೆ ಕೆಲವರು ಮೊದಲೇ ಪೆಟ್ಟಿಗೆಗೆ ಕೈ ಹಾಕಿದ್ದರು. ಆಮೇಲೆ ಎಲ್ಲರೂ ಸೇರಿ ಲೆಕ್ಕ ಹಾಕಿದರು. ಎರಡು ದಿನಕ್ಕೊಮ್ಮೆ ಎರಡು ಚಮಚ ಮೀನು, ಅರ್ಧ ಲೋಟ ಹಾಲು. ಎಲ್ಲರ ಕೈಗೂ ಪಾಲು ಬರುವವರೆಗೆ ಯಾರೂ ಬಾಯಿಗೆ ಇಡಬಾರದು. ನನ್ನನ್ನು ಕೇಳಿದರೆ ಅವರನ್ನು ಒಟ್ಟಿಗೆ ಹಿಡಿದದ್ದೇ ಈ ಕೊನೆಯ ಮಾತು. ಪಾಲು ಕಣ್ಣೆದುರೇ ಬಿದ್ದರೆ ಅನುಮಾನಕ್ಕೆ ಜಾಗ ಎಲ್ಲಿ?

ಶಿಫ್ಟ್ ನೋಡಿಕೊಳ್ಳುತ್ತಿದ್ದ ಲೂಯಿಸ್ ಉರ್ಸುವಾ ಜಾಸ್ತಿ ಮಾತಿನವರಲ್ಲ. ಅದಕ್ಕೇ ಕೆಲವರಿಗೆ ಅವರ ಮೇಲೆ ಬೇಸರವೂ ಇತ್ತು. ಜೋರು ಮನುಷ್ಯ ಅಂದರೆ ಮಾರಿಯೋ ಸೆಪುಲ್ವೆದಾ. ಊಟ ಹಂಚುವುದು, ಹುರಿದುಂಬಿಸುವುದು ಅವರ ಕೈಗೆ ಹೋಯಿತು. ಪ್ರಾರ್ಥನೆ ಇನ್ನೊಬ್ಬರು ನಡೆಸಿದರು. ಉರ್ಸುವಾ ಯಾರನ್ನೂ ತಡೆಯಲಿಲ್ಲ. ದೊಡ್ಡ ತೀರ್ಮಾನಗಳಿಗೆ ಎಲ್ಲರ ಮತ ಕೇಳುತ್ತಿದ್ದರು. 69 ದಿನದ ಮೇಲೆ, ಅಕ್ಟೋಬರ್ 13ರಂದು, ತಮ್ಮವರೆಲ್ಲ ಹೊರಬಿದ್ದ ನಂತರವೇ ಅವರು ಮೇಲೆ ಬಂದರು. ಅದನ್ನು ನೋಡಿ ನಾನು ಅತ್ತುಬಿಟ್ಟೆ.

ಪುಸ್ತಕ ಬರೆಯುವವರು ಪ್ರತಿನಿಧಿಯಾಗಲಿ. ಗಟ್ಟಿ ಮಾತಿನವರು ಬ್ಯಾಂಕಿಗೆ ಹೋಗಲಿ. ಯಾರ ಬಾಕಿ ಎಷ್ಟು, ಯಾರಿಗೆ ಎಷ್ಟು ಗಡುವು ಅನ್ನುವುದನ್ನು ಸಭೆಯಲ್ಲೇ ಓದಿ ಹೇಳಿ.

ತುಮಕೂರಿನವ:
ಬಾಕಿ ಎಲ್ಲರೆದುರು ಓದಿದರೆ ಕಟ್ಟಲಾಗದವರಿಗೆ ಅವಮಾನ ಆಗಲ್ವಾ ಸಾರ್?

ನಿವೃತ್ತ_ಮೈನಿಂಗ್_ಮೇಟ್:
ಕಟ್ಟದವರ ಹೆಸರು ಮಾತ್ರ ಓದಿದರೆ ಖಂಡಿತ ಆಗುತ್ತದೆ. ಎಲ್ಲರ ಲೆಕ್ಕವನ್ನೂ ಓದಿ, ಪ್ರತಿನಿಧಿಯದೇ ಮೊದಲು.

ಸಿರಾ_ಸದಸ್ಯೆ:
ಇದು ಹೊಳೆದೇ ಇರಲಿಲ್ಲ ಅಣ್ಣ. ಆದರೆ ಬ್ಯಾಂಕಿಗೆ ಹೋಗುವ ಅಕ್ಕ ಮುನಿಸಿಕೊಂಡರೆ?

ನಿವೃತ್ತ_ಮೈನಿಂಗ್_ಮೇಟ್:
ಸಭೆಗೆ ಮುಂಚೆಯೇ ಅವರ ಮನೆಗೆ ಹೋಗಿ ಮಾತಾಡಿ. ಬ್ಯಾಂಕಿನ ಕೆಲಸ ಅವರದ್ದು ಅಂತ ನಡಾವಳಿ ಪುಸ್ತಕದಲ್ಲಿ ಹೆಸರು ಹಾಕಿ ಬರೆಸಿ, ಎಲ್ಲರ ಸಹಿ ಹಾಕಿಸಿ.