ಕರ್ನಲ್ ಸೆಟ್ಟಿಂಗ್ ತಿದ್ದಿದ ಮೇಲೆ ಲಿನಕ್ಸ್ ಫೋನ್ ಇನ್ನೂ ನಿಧಾನ, ಎಲ್ಲಿ ಎಡವಿದೆ?

ಕಾಳಿಹೊಳೆ_ಕಾರವಾರ:

ಎಲ್ಲರಿಗೂ ನಮಸ್ಕಾರ. ಮೂಲೆಯಲ್ಲಿ ಬಿದ್ದಿದ್ದ ಹಳೆ ಆಂಡ್ರಾಯ್ಡ್ ಫೋನಿಗೆ ಪೋಸ್ಟ್‌ಮಾರ್ಕೆಟ್‌ಓಎಸ್ (ಫೋನಿಗೆ ಅಂತ ಮಾಡಿದ ಲಿನಕ್ಸ್) ಹಾಕಿದ್ದೇನೆ. ಸ್ನ್ಯಾಪ್‌ಡ್ರ್ಯಾಗನ್ 410 ಚಿಪ್, 2 ಜಿಬಿ ರ್ಯಾಮ್, ಮೇಲೆ ಪರದೆ ನೋಡಿಕೊಳ್ಳಲು ಫಾಶ್. ಹಾಕಿದ ದಿನ ಚೆನ್ನಾಗೇ ಇತ್ತು, ಕೀಬೋರ್ಡ್ ಮಾತ್ರ ಸ್ವಲ್ಪ ತಡವರಿಸುತ್ತಿತ್ತು. ಸುಮ್ನಿರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ನಾನೂ ಹಾಗೇ ಮಾಡಿದೆ. ನೆಟ್‌ನಲ್ಲಿ ಸಿಕ್ಕ ಒಂದು ಪಟ್ಟಿ ನೋಡಿಕೊಂಡು ಕರ್ನಲ್‌ನ (ಓಎಸ್‌ನ ತಿರುಳು) ಸೆಟ್ಟಿಂಗ್ ಒಂದೇ ರಾತ್ರಿಯಲ್ಲಿ ಎಲ್ಲಾ ಬದಲಾಯಿಸಿದೆ.

ಸಿಪಿಯು ಎಷ್ಟು ಸ್ಪೀಡಲ್ಲಿ ಓಡಬೇಕು ಅಂತ ನಿರ್ಧರಿಸುವ ಗವರ್ನರ್ ಅನ್ನು ಪರ್ಫಾರ್ಮೆನ್ಸ್‌ಗೆ ಹಾಕಿದೆ. ರ್ಯಾಮ್ ಸಾಲದಾಗ ಅದರಲ್ಲಿದ್ದದ್ದನ್ನು ಸ್ವಾಪ್ ಜಾಗಕ್ಕೆ ಎಷ್ಟು ಬೇಗ ಸಾಗಿಸಬೇಕು ಅನ್ನೋ ಸ್ವಾಪಿನೆಸ್ 60 ಇದ್ದದ್ದನ್ನು 10 ಮಾಡಿದೆ. ಝಡ್‌ರ್ಯಾಮ್ (ರ್ಯಾಮಿನಲ್ಲೇ ಒತ್ತಿ ಇಡುವ ಸ್ವಾಪ್) ಸುಮ್ನೆ ಸಿಪಿಯು ತಿನ್ನುತ್ತದೆ ಅಂತ ಬರೆದಿತ್ತು, ಅದನ್ನು ಬಂದ್ ಮಾಡಿ ಎಸ್‌ಡಿ ಕಾರ್ಡಿನಲ್ಲಿ 2 ಜಿಬಿ ಸ್ವಾಪ್ ಫೈಲ್ ಮಾಡಿದೆ. ಸ್ಟೋರೇಜ್‌ಗೆ ಬರೆಯಬೇಕಾದದ್ದನ್ನು ರ್ಯಾಮಿನಲ್ಲಿ ಎಷ್ಟು ಹಿಡಿದಿಡಬಹುದು ಅನ್ನೋ ಡರ್ಟಿ ರೇಶಿಯೋ 20ರಿಂದ 60ಕ್ಕೆ ಏರಿಸಿದೆ, ಯಾಕೆ ಅಂತ ಕೇಳಬೇಡಿ.

ಈಗ ಮೊದಲ ಐದು ನಿಮಿಷ ಕುದುರೆ ಹಾಗೆ ಓಡುತ್ತದೆ. ಆಮೇಲೆ ಫೈರ್‌ಫಾಕ್ಸ್‌ನಲ್ಲಿ ಎರಡು ಟ್ಯಾಬ್ ತೆಗೆದರೆ ಮುಗಿಯಿತು. "ಬಂಗಡೆ ಬಂದಿದ್ಯಾ" ಅಂತ ಟೈಪ್ ಮಾಡಿ ಕೈ ಎತ್ತಿದ ಮೇಲೆ ಅಕ್ಷರಗಳು ಒಟ್ಟಿಗೆ ದಬದಬ ಬೀಳುತ್ತವೆ. ಹಿಂಬದಿ ದೋಸೆ ಕಾವಲಿ. ಊರಲ್ಲಿ ಮೇ ತಿಂಗಳ ಸೆಕೆ ಬೇರೆ. ಇಂಟರಾಕ್ಟಿವ್ ಅನ್ನೋ ಗವರ್ನರ್ ಹಾಕಿದರೆ ಸರಿಯಾಗುತ್ತದೆ ಅಂತ ಇನ್ನೊಂದು ಕಡೆ ಓದಿದೆ, ನನ್ನ ಫೋನಿನಲ್ಲಿ ಆ ಹೆಸರೇ ಇಲ್ಲ. ಏನು ಮಾಡಲಿ?

ಅಟ್ಟದಮೇಲೆ_ಶಿರಸಿ:

ತಮಾ, ಮೊದಲು ಎಲ್ಲಾ ವಾಪಸ್ ಮಾಡು. ಆಮೇಲೆ ಒಂದೊಂದೇ ನೋಡೋಣ. ಹತ್ತು ಸ್ಕ್ರೂ ಒಟ್ಟಿಗೆ ತಿರುಗಿಸಿದರೆ ಯಾವುದು ಸಡಿಲ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಇಂಟರಾಕ್ಟಿವ್ ಆಂಡ್ರಾಯ್ಡ್ ಕರ್ನಲ್‌ಗಳಲ್ಲಿ ಇದ್ದದ್ದು, ಮೇನ್‌ಲೈನ್ (ಮೂಲ) ಲಿನಕ್ಸ್‌ಗೆ ಅದು ಬರಲೇ ಇಲ್ಲ. ನಿನಗೆ ಬೇಕಾದದ್ದು ಸ್ಕೆಡ್‌ಯುಟಿಲ್ ಅನ್ನೋ ಗವರ್ನರ್. 2016ರಲ್ಲಿ 4.7 ಕರ್ನಲ್ ಜೊತೆ ಬಂತು. ಯಾವ ಕೋರ್ ಮೇಲೆ ಎಷ್ಟು ಕೆಲಸ ಇದೆ ಅಂತ ಕೆಲಸ ಹಂಚುವ ಶೆಡ್ಯೂಲರ್‌ಗೆ ಹೇಗೂ ಗೊತ್ತಿರುತ್ತದೆ, ಆ ಲೆಕ್ಕವನ್ನೇ ಹಿಡಿದು ಸ್ಪೀಡ್ ಏರಿಸಿ ಇಳಿಸುತ್ತದೆ. ಪರ್ಫಾರ್ಮೆನ್ಸ್ ಹಾಕಿದರೆ ಸಣ್ಣ ಕೆಲಸಕ್ಕೂ ನಾಲ್ಕೂ ಕೋರ್ ಫುಲ್ ಸ್ಪೀಡ್. ಬಿಸಿ ಏರುತ್ತದೆ, ಒಂದು ಮಟ್ಟ ದಾಟಿದ ಕೂಡಲೇ ಕರ್ನಲ್ಲೇ ಸ್ಪೀಡ್ ಇಳಿಸುತ್ತದೆ. ನಿನ್ನ ಐದು ನಿಮಿಷದ ಕುದುರೆ ಕಥೆ ಅದೇ ಇರಬೇಕು. ನಂಬಬೇಡ, ನೋಡು: ಸಿಸ್ ಅನ್ನೋ ಫೋಲ್ಡರ್ ಒಳಗೆ ಥರ್ಮಲ್ ಝೋನ್ ಫೋಲ್ಡರ್‌ಗಳಿವೆ, ಒಂದೊಂದರಲ್ಲೂ ಟೆಂಪ್ ಅಂತ ಫೈಲ್ ಇದೆ. ಅದರಲ್ಲಿ 74000 ಅಂತ ಬಂದರೆ 74 ಡಿಗ್ರಿ ಅಂತ ಲೆಕ್ಕ. ಪಕ್ಕದಲ್ಲೇ ಟ್ರಿಪ್ ಪಾಯಿಂಟ್, ಅಂದರೆ ಸ್ಪೀಡ್ ಇಳಿಸುವ ಬಿಸಿ ಮಟ್ಟ, ಎಷ್ಟು ಅಂತಲೂ ಇರುತ್ತದೆ. ಇನ್ನೊಂದು ಟರ್ಮಿನಲ್‌ನಲ್ಲಿ ಸಿಪಿಯು ಈಗ ಯಾವ ಫ್ರೀಕ್ವೆನ್ಸಿಯಲ್ಲಿದೆ ಅಂತ ನೋಡುತ್ತಾ ಇರು.

ಎರಡನೆಯದು ಸ್ವಾಪ್. ನಿಜವಾದ ಪೆಟ್ಟು ಬಿದ್ದಿರುವುದು ಇಲ್ಲೇ ಅಂತ ನನ್ನ ಅಂದಾಜು. ಎಸ್‌ಡಿ ಕಾರ್ಡಿಗೆ ಸಿನಿಮಾ ಕಾಪಿ ಮಾಡುವುದು ಬೇರೆ, ಚೂರುಚೂರು ಪೇಜ್ (ರ್ಯಾಮಿನ ತುಣುಕು) ಅಲ್ಲಿಲ್ಲಿ ಬರೆದು ಓದುವುದು ಬೇರೆ. ಅದು ಮಳೆಗಾಲದ ಕಾಲುಸಂಕ ಇದ್ದ ಹಾಗೆ, ಒಬ್ಬರು ದಾಟಿದ ಮೇಲೆಯೇ ಇನ್ನೊಬ್ಬರು. ನೀನು ಅದರ ಮೇಲೆ ಡರ್ಟಿ ರೇಶಿಯೋ ಬೇರೆ ಏರಿಸಿದ್ದೀಯ. ಅಂದರೆ ಕಾರ್ಡಿಗೆ ಬರೆಯಬೇಕಾದದ್ದನ್ನೆಲ್ಲ ರ್ಯಾಮಿನಲ್ಲಿ ಗುಡ್ಡೆ ಹಾಕಿಕೊಂಡು, ಕೊನೆಗೆ ಇಡೀ ಮದುವೆ ದಿಬ್ಬಣವನ್ನೇ ಸಂಕದ ಮೇಲೆ ನುಗ್ಗಿಸಿದ ಹಾಗಾಯಿತು. ನಿನ್ನ ಕೀಬೋರ್ಡ್ ಆ ಸಾಲಿನ ಕೊನೆಯಲ್ಲಿ ನಿಂತಿದೆ.

ಝಡ್‌ರ್ಯಾಮ್ ಸಿಪಿಯು ತಿನ್ನುತ್ತದೆ, ಹೌದು. ಆದರೆ ಎಷ್ಟು? ಪೇಜನ್ನು ಒತ್ತಿ ಚಿಕ್ಕದು ಮಾಡಿ ರ್ಯಾಮಿನಲ್ಲೇ ಇಡುತ್ತದೆ, ಬೇಕಾದಾಗ ಬಿಚ್ಚಿ ಕೊಡುತ್ತದೆ. ತೆಂಗಿನಕಾಯಿ ಅಟ್ಟದ ಮೇಲಿದ್ದರೆ ಏಣಿ ಹತ್ತಿದರೆ ಸಾಕು. ನೀನು ಕುಮಟೆಯ ನೆಂಟರ ಮನೆಯಲ್ಲಿ ಇಟ್ಟಿದ್ದೀಯ, ಒಂದು ಕಾಯಿಗೂ ಬಸ್ಸು ಹತ್ತಬೇಕು.

ಸ್ವಾಪಿನೆಸ್ 10 ಅನ್ನೋ ಸಲಹೆ ಹಾರ್ಡ್‌ಡಿಸ್ಕ್ ಇದ್ದ ಡೆಸ್ಕ್‌ಟಾಪ್ ಕಾಲದ್ದು. 2020ರ 5.8 ಕರ್ನಲ್‌ನಿಂದ ಅದನ್ನು 200ರವರೆಗೂ ಏರಿಸಬಹುದು. 100 ಅಂದರೆ ಸ್ವಾಪ್‌ನಿಂದ ತರುವುದೂ ಸ್ಟೋರೇಜ್‌ನಿಂದ ಫೈಲ್ ಮತ್ತೆ ಓದುವುದೂ ಒಂದೇ ಖರ್ಚು ಅಂತ. ಝಡ್‌ರ್ಯಾಮ್ ಇದ್ದಾಗ ಸ್ವಾಪ್ ಅಗ್ಗ. ಆದ್ದರಿಂದ 150 ಹಾಕಿ ನೋಡು. ಪೇಜ್ ಕ್ಲಸ್ಟರ್ ಅನ್ನೋ ಸೆಟ್ಟಿಂಗ್ 3 ಇರುತ್ತದೆ, ಅಂದರೆ ಒಂದು ಪೇಜ್ ಕೇಳಿದರೆ ಎಂಟು ಹೊತ್ತು ತರುತ್ತದೆ. ಅದು ಡಿಸ್ಕಿಗೆ ಸರಿ. ನೀನು 0 ಮಾಡು. ಡರ್ಟಿ ರೇಶಿಯೋ ಹಳೆ 20ಕ್ಕೇ ತಾ.

ಘಟ್ಟದಕೆಳಗೆ_ಕುಮಟಾ:

ನೆಂಟರ ಮನೆ ಅಂತ ನಮ್ಮ ಊರನ್ನೇ ಎಳೆದಿರಲ್ಲ ಮಾರಾಯ್ರೆ 😄

ನನ್ನದೂ 410 ಚಿಪ್ಪೇ. ಬಿಸಿ ವಿಷಯದಲ್ಲಿ ಒಂದು ಸೇರಿಸುತ್ತೇನೆ. ಇದರಲ್ಲಿ ಮೋಡೆಮ್ ಕೂಡ ಅದೇ ಚಿಪ್ಪಿನೊಳಗಿದೆ. ದೇವಿಮನೆ ಘಟ್ಟದಲ್ಲಿ ಬಸ್ಸಿನಲ್ಲಿ ಹೋಗುವಾಗ ಸಿಗ್ನಲ್ ಇರುವುದಿಲ್ಲ, ಮೋಡೆಮ್ ಟವರ್ ಹುಡುಕುತ್ತಾ ಒದ್ದಾಡುತ್ತದೆ, ನಾನು ಫೋನ್ ಮುಟ್ಟದಿದ್ದರೂ ಜೇಬು ಬೆಚ್ಚಗಾಗುತ್ತದೆ. ಆ ಹೊತ್ತಿನಲ್ಲಿ ಟೆಂಪ್ ನೋಡಿ ಯಾವ ಸೆಟ್ಟಿಂಗ್ ಸರಿ ಯಾವುದು ತಪ್ಪು ಅಂತ ತೀರ್ಮಾನ ಮಾಡಬೇಡಿ. ಮನೆಯಲ್ಲಿ ಫ್ಯಾನ್ ಕೆಳಗೆ ಕೂತು, ಏರೋಪ್ಲೇನ್ ಮೋಡ್ ಹಾಕಿ ಅಳೆಯಿರಿ.

ಇನ್ನೊಂದು, ಇದು ಕರ್ನಲ್ ಅಲ್ಲ, ಬೈಯಬೇಡಿ. ಫಾಶ್‌ನಲ್ಲಿ ಆನಿಮೇಶನ್ ಆಫ್ ಮಾಡಿ. ನನಗೆ ಯಾವ ಸಿಸ್‌ಸಿಟಿಎಲ್‌ಗಿಂತಲೂ (ಸ್ವಾಪಿನೆಸ್ ತರದ ಕರ್ನಲ್ ಸೆಟ್ಟಿಂಗ್) ಜಾಸ್ತಿ ಫರಕು ಕಂಡದ್ದು ಅದರಿಂದಲೇ.

ಮುಟ್ಟಿದ ಕೂಡಲೇ ಫೋನ್ ಎಚ್ಚರವಾಗಬೇಕು ಅಂದರೆ ಯುಕ್ಲ್ಯಾಂಪ್ ಅಂತ ಇದೆ, 5.3 ಕರ್ನಲ್‌ನಿಂದ. ಫಾಶ್‌ಗೂ ಕೀಬೋರ್ಡಿಗೂ ಮಾತ್ರ ಕನಿಷ್ಠ ಇಷ್ಟು ಸ್ಪೀಡ್ ಕೊಡು ಅಂತ ಹೇಳಬಹುದು. ಸ್ಕೆಡ್‌ಯುಟಿಲ್ ಇದ್ದರೆ ಮಾತ್ರ ಕೆಲಸ ಮಾಡುತ್ತದೆ, ಕರ್ನಲ್ ಬಿಲ್ಡ್ ಮಾಡುವಾಗ ಆ ಆಪ್ಶನ್ ಹಾಕಿರಬೇಕು ಕೂಡ. ಇಡೀ ಫೋನನ್ನು ಪರ್ಫಾರ್ಮೆನ್ಸ್‌ಗೆ ಹಾಕಿ ಕಾಯಿಸುವುದಕ್ಕಿಂತ ಇದು ವಾಸಿ, ಅಲ್ವಾ?

ಕಾಳಿಹೊಳೆ_ಕಾರವಾರ:

ಅಣ್ಣಾ, ಹೇಳಿದ ಹಾಗೆ ಮೊದಲು ಏನೂ ಬದಲಾಯಿಸದೆ ಅಳೆದೆ. ಟ್ರಿಪ್ ಪಾಯಿಂಟ್ 75000 ಅಂತಿದೆ. ಫೈರ್‌ಫಾಕ್ಸ್ ತೆಗೆದು ಆರು ನಿಮಿಷಕ್ಕೆ ಟೆಂಪ್ ಅಲ್ಲಿಗೆ ಮುಟ್ಟಿತು. 998400 ಕಿಲೋಹರ್ಟ್ಜ್ ಇದ್ದ ಫ್ರೀಕ್ವೆನ್ಸಿ ದಡಕ್ಕನೆ 400000ಕ್ಕೆ ಬಿತ್ತು. ನೋಡಿ ನನಗೇ ನಗು ಬಂತು. ಫಾಸ್ಟ್ ಮಾಡಲು ಹೋಗಿ ಅರ್ಧಕ್ಕಿಂತ ಕಡಿಮೆ ಮಾಡಿಕೊಂಡಿದ್ದೇನೆ.

ಆಮೇಲೆ ಸ್ಕೆಡ್‌ಯುಟಿಲ್ ಹಾಕಿದೆ. ಬಿಸಿ ಕಡಿಮೆಯಾಯಿತು, ಅಕ್ಷರ ತಡವಾಗುವುದು ಹಾಗೇ ಇತ್ತು. ಮಾರನೇ ದಿನ ಕಾರ್ಡಿನ ಸ್ವಾಪ್ ತೆಗೆದು ಝಡ್‌ರ್ಯಾಮ್ 1.5 ಜಿಬಿ ಮಾಡಿದೆ, ಸ್ವಾಪಿನೆಸ್ 150. ಅಬ್ಬಾ! ಈಗ ಮೂರು ಟ್ಯಾಬ್ ಇದ್ದರೂ ಟೈಪ್ ಮಾಡಬಹುದು. ಝಡ್‌ರ್ಯಾಮ್‌ಸಿಟಿಎಲ್ ಕಮಾಂಡ್ ತೋರಿಸಿದ್ದು: ಡೇಟಾ 612 ಎಂಬಿ, ಒತ್ತಿದ ಮೇಲೆ 198 ಎಂಬಿ. ಒತ್ತುವ ವಿಧಾನ ಈಗ ಎಲ್‌ಝಡ್4 ಇದೆ, ಝಡ್‌ಸ್ಟ್ಯಾಂಡರ್ಡ್ ಮಾಡಲೋ?

ಬೆಲೇಕೇರಿ_ಬಂದರು:

ನನಗೆ ಇದೆಲ್ಲ ಪೂರ್ತಿ ಒಪ್ಪಿಗೆ ಇಲ್ಲ. ಹೊಸ ಕರ್ನಲ್ ಹಾಕಿಕೊಂಡರೆ ಅರ್ಧ ಕೆಲಸ ಮುಗಿಯಿತು, ಈ ನಂಬರ್ ಕೆದಕುವ ಚಟ ಬೇಡ. 2022ರ ಡಿಸೆಂಬರ್‌ನಲ್ಲಿ ಬಂದ 6.1 ಕರ್ನಲ್‌ನಿಂದ ಮಲ್ಟಿಜೆನ್ ಎಲ್‌ಆರ್‌ಯು ಅನ್ನೋ ವಿಧಾನ ಇದೆ. ಯಾವ ಪೇಜ್ ಈಗ ಬಳಕೆಯಲ್ಲಿದೆ, ಯಾವುದು ತಂಗಳು ಅಂತ ಹಳೆಯ ವಿಧಾನಕ್ಕಿಂತ ಚೆನ್ನಾಗಿ ಗುರುತಿಸುತ್ತದೆ. ಅದು ಆನ್ ಇದೆಯಾ ನೋಡಿ, ಎಲ್‌ಆರ್‌ಯು ಜೆನ್ ಫೋಲ್ಡರಿನಲ್ಲಿ ಎನೇಬಲ್ಡ್ ಫೈಲ್ ಇದೆ. ಅದರ ಪಕ್ಕದ ಮಿನ್ ಟಿಟಿಎಲ್‌ಗೆ 1000 ಹಾಕಿದರೆ ಕಳೆದ ಒಂದು ಸೆಕೆಂಡಿನಲ್ಲಿ ಮುಟ್ಟಿದ ಪೇಜುಗಳನ್ನು ಹೊರಗೆ ತಳ್ಳುವುದಿಲ್ಲ. ಜಾಗ ಸಾಲದಿದ್ದರೆ ಯಾವುದಾದರೂ ಆಪ್ ಸಾಯುತ್ತದೆ, ಫೋನ್ ಮಾತ್ರ ಹೆಪ್ಪುಗಟ್ಟಿ ಕೂರುವುದಿಲ್ಲ.

ಅಟ್ಟದಮೇಲೆ_ಶಿರಸಿ:

ಬಂದರಿನವರು ಹೇಳಿದ್ದು ಸರಿ, ಆದರೆ ಹಳೆ ಫೋನ್ ಎಲ್ಲದಕ್ಕೂ ಹೊಸ ಕರ್ನಲ್ ಸಿಗಬೇಕಲ್ಲ. ಇವನದಕ್ಕೆ ಸಿಕ್ಕಿದೆ, ಪುಣ್ಯ.

ಝಡ್‌ಸ್ಟ್ಯಾಂಡರ್ಡ್ ಜಾಸ್ತಿ ಒತ್ತುತ್ತದೆ, ಬಿಚ್ಚಲು ಹೊತ್ತೂ ಜಾಸ್ತಿ. ಈ ಸಣ್ಣ ಕೋರ್‌ಗಳಿಗೆ ಎಲ್‌ಝಡ್4 ಸಾಕು. ಮೂರು ಪಟ್ಟು ಒತ್ತಿದೆಯಲ್ಲ, ಇನ್ನೇನು ಬೇಕು? ಆಸೆ ಇದ್ದರೆ ಒಂದು ದಿನ ಹಾಕಿ ನೋಡು. ಆದರೆ ಕಣ್ಣಂದಾಜಿಗೆ ಬಿಡಬೇಡ. ಪ್ರಾಕ್ ಅನ್ನೋ ಫೋಲ್ಡರ್ ಒಳಗೆ ಪ್ರೆಶರ್ ಅಂತ ಫೋಲ್ಡರ್ ಇದೆ, 4.20 ಕರ್ನಲ್‌ನಿಂದ ಬಂದದ್ದು, ಅದರಲ್ಲಿ ಮೆಮೊರಿ ಫೈಲ್ ನೋಡು. ಕೊನೆಯ ಹತ್ತು ಸೆಕೆಂಡಿನಲ್ಲಿ ಎಷ್ಟು ಶೇಕಡಾ ಹೊತ್ತು ಕೆಲಸಗಳು ಮೆಮೊರಿಗಾಗಿ ಕಾದು ನಿಂತಿದ್ದವು ಅಂತ ಅದೇ ಹೇಳುತ್ತದೆ. ಎರಡರಲ್ಲಿ ಯಾವುದಕ್ಕೆ ಆ ನಂಬರ್ ಕಡಿಮೆ ಬಂತೋ ಅದನ್ನು ಇಟ್ಟುಕೋ.

ಕಾಳಿಹೊಳೆ_ಕಾರವಾರ:

ಎಲ್‌ಝಡ್4ನಲ್ಲೇ ಉಳಿದೆ. ಮಲ್ಟಿಜೆನ್ ಆನ್ ಇತ್ತು, ಆನಿಮೇಶನ್ ಆಫ್ ಮಾಡಿದೆ. ಯುಕ್ಲ್ಯಾಂಪ್ ಇನ್ನೂ ಮುಟ್ಟಿಲ್ಲ, ಭಯ.

ಒಂದು ಎಡವಟ್ಟು. ನಿನ್ನೆ ಗಾಳಿಮಳೆಗೆ ಸಂಜೆಯಿಂದ ಕರೆಂಟ್ ಇರಲಿಲ್ಲ, ಫೋನ್ ಚಾರ್ಜ್ ಮುಗಿದು ಆಫ್ ಆಯಿತು. ಬೆಳಿಗ್ಗೆ ಆನ್ ಮಾಡಿದರೆ ಸ್ವಾಪಿನೆಸ್ ಮತ್ತೆ 60! ಬೂಟ್ ಆಗುವಾಗ ಸೆಟ್ಟಿಂಗ್ ಓದುವ ಸಿಸ್‌ಸಿಟಿಎಲ್ ಡಿ ಫೋಲ್ಡರಿನಲ್ಲಿ ಫೈಲ್ ಮಾಡಿಟ್ಟಿದ್ದೆನಲ್ಲ?

ಘಟ್ಟದಕೆಳಗೆ_ಕುಮಟಾ:

ಫೈಲ್ ಹೆಸರಿನ ಕೊನೆಗೆ ಡಾಟ್ ಕಾನ್ಫ್ ಹಾಕಿದ್ದೀರಾ? ಇಲ್ಲದಿದ್ದರೆ ಬೂಟ್ ಆಗುವಾಗ ಅದನ್ನು ಓದುವುದೇ ಇಲ್ಲ.

ಕಾಳಿಹೊಳೆ_ಕಾರವಾರ:

ಡಾಟ್ ಟಿಎಕ್ಸ್‌ಟಿ ಅಂತ ಹಾಕಿದ್ದೆ 🤦 ಬದಲಾಯಿಸಿ ರೀಬೂಟ್ ಮಾಡಿದೆ. 150 ತೋರಿಸುತ್ತಿದೆ.