ಪದಚರ್ಚೆ: ‘ಲಿಸನಿಂಗ್ ಟೆಸ್ಟ್’ಗೆ ಕನ್ನಡ ಏನು? (ಶುಕ್ರವಾರದೊಳಗೆ ಬೇಕು)

ಅನುವಾದಕಿ, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಶಿಕ್ಷಕರ ಪತ್ರಿಕೆಯೊಂದಕ್ಕೆ ಲೇಖನ ಅನುವಾದ ಮಾಡುತ್ತಿದ್ದೇನೆ. ಚೀನೀ ಮಾತಾಡುವ ಹೈಸ್ಕೂಲ್ ಮಕ್ಕಳ ಇಂಗ್ಲಿಷನ್ನು ಅಲ್ಲಿ ಹೇಗೆ ಪರೀಕ್ಷೆ ಮಾಡುತ್ತಾರೆ ಅನ್ನೋದು ವಿಷಯ. ಬರೆಯೋದು, ಮಾತಾಡೋದು ಲೇಖನದ ಮುಖ್ಯ ವಿಷಯ ಅಲ್ಲ. ಲಿಸನಿಂಗ್ ಮತ್ತು ರೀಡಿಂಗ್ ಎರಡೇ. ಪುಟ ಶುಕ್ರವಾರ ಸಂಜೆ ಅಚ್ಚಿಗೆ ಹೋಗುತ್ತದೆ. ಎರಡೂ ಪದ ತಲೆಬರಹದಲ್ಲೇ ಬರಬೇಕು, ಎರಡು ಕಾಲಂನಲ್ಲಿ ಕೂರಬೇಕು.

ಸಂದರ್ಭ ಇದು. ಗಾವ್‌ಕಾವ್ ಅಂದರೆ ಚೀನಾದಲ್ಲಿ ಪ್ರತಿವರ್ಷ ಜೂನ್ 7ಕ್ಕೆ ಶುರುವಾಗುವ ಕಾಲೇಜು ಪ್ರವೇಶ ಪರೀಕ್ಷೆ. ಇಂಗ್ಲಿಷಿಗೆ 150 ಅಂಕ. ರಾಷ್ಟ್ರಮಟ್ಟದ ಪತ್ರಿಕೆಯಲ್ಲಿ ರೆಕಾರ್ಡಿಂಗ್ ಕೇಳಿ ಉತ್ತರ ಕೊಡುವ ಭಾಗಕ್ಕೆ 30. ಪ್ರಶ್ನೆ 20, ಒಂದೊಂದಕ್ಕೆ ಒಂದೂವರೆ ಅಂಕ. ಮೊದಲ 5 ಪುಟ್ಟ ಸಂಭಾಷಣೆಗಳನ್ನು ಒಂದೇ ಸಲ ಹಾಕುತ್ತಾರೆ, ಉಳಿದದ್ದನ್ನು ಎರಡು ಸಲ. ಓದಿನ ಭಾಗಕ್ಕೆ ಹೊಸ ಮಾದರಿಯಲ್ಲಿ 50. ನಾಲ್ಕು ಗದ್ಯಭಾಗ, 15 ಪ್ರಶ್ನೆ. ಅದಾದ ಮೇಲೆ ಐದು ಕಡೆ ಖಾಲಿ ಬಿಟ್ಟ ಇನ್ನೊಂದು ಗದ್ಯ. ಏಳು ವಾಕ್ಯ ಕೊಟ್ಟಿರುತ್ತಾರೆ, ಸರಿಯಾದ ಐದನ್ನು ಹೆಕ್ಕಿ ಕೂರಿಸಬೇಕು.

‘ಶ್ರವಣ ಪರೀಕ್ಷೆ, ವಾಚನ ಪರೀಕ್ಷೆ’ ಅಂತ ಹಾಕಿ ಮುಗಿಸಿ ಅಂದರು ಸಂಪಾದಕರು. ನನಗೆ ಎರಡೂ ಹಿಡಿಸುತ್ತಿಲ್ಲ. ನೀವೇನಂತೀರಿ?

ಶ್ರವಣತಜ್ಞೆ, ಮೈಸೂರು:

ದಯವಿಟ್ಟು ಹಾಕಬೇಡಿ. ಶ್ರವಣ ಪರೀಕ್ಷೆ ಅಂದರೆ ನಾವು ಮಾಡುವ ಕೆಲಸ. ಹೆಡ್‌ಫೋನ್ ಹಾಕಿ ಕೂರಿಸಿ, ಶಬ್ದ ಕೇಳಿಸಿದರೆ ಕೈ ಎತ್ತಿ ಅನ್ನುತ್ತೇವೆ. ಡೆಸಿಬೆಲ್ ಲೆಕ್ಕ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ, ಈ ಪದ ಜನರ ಬಾಯಲ್ಲಿ ಕೂತುಬಿಟ್ಟಿದೆ. ‘ಚೀನೀ ಮಕ್ಕಳಿಗೆ ಶ್ರವಣ ಪರೀಕ್ಷೆ’ ಅಂತ ತಲೆಬರಹ ಕಂಡರೆ, ಪಾಪ ಅಷ್ಟೂ ಮಕ್ಕಳಿಗೆ ಕಿವಿ ಕೇಳಿಸಲ್ವಾ ಅಂದುಕೊಳ್ಳುತ್ತಾರೆ.

ಹಳೇಮೇಷ್ಟ್ರು, ಧಾರವಾಡ:

ಆಸ್ಪತ್ರೆಯವರು ಒಂದು ಪದ ಬಳಸಿದರು ಅಂತ ಅದು ಅವರ ಸ್ವತ್ತಾಗೋದಿಲ್ಲರೀ. ಶ್ರವಣ, ಮನನ, ನಿದಿಧ್ಯಾಸನ ಅಂತ ಕೇಳಿಲ್ಲೇನು? ಅಲ್ಲಿ ಶ್ರವಣ ಎಂದರೆ ಕಿವಿಗೆ ಬೀಳೋದಲ್ಲ, ಮನಸ್ಸಿಟ್ಟು ಕೇಳೋದು. ‘ಶ್ರು’ ಧಾತುವಿನಿಂದಲೇ ಶ್ರುತಿ, ವಿಶ್ರುತ, ಶುಶ್ರೂಷೆ. ಶುಶ್ರೂಷೆ ಅಂದರೆ ಮೂಲದಲ್ಲಿ ‘ಕೇಳಬೇಕೆಂಬ ಆಸೆ’. ಗುರುವಿನ ಮಾತು ಕೇಳಲು ಹತ್ತಿರ ಇದ್ದವನು ಸೇವೆಯನ್ನೂ ಮಾಡಿದ, ಅರ್ಥ ಹಾಗೇ ಸರಿಯಿತು. ಇಷ್ಟು ಸಿರಿವಂತ ಬೇರನ್ನು ಬಿಟ್ಟು ಎಲ್ಲಿಗೆ ಹೋಗ್ತೀರಿ? ಸಂಪಾದಕರು ಹೇಳಿದ್ದು ಸರಿ ಅದ. ಚರ್ಚೆ ಮುಗೀತು.

ಡೆಸ್ಕ್‌ನವ:

ಹಾಗಾದರೆ ‘ಶುಶ್ರೂಷಾ ಪರೀಕ್ಷೆ’ ಅಂತಲೇ ಹಾಕೋಣ ಮೇಷ್ಟ್ರೇ. ನರ್ಸಿಂಗ್ ಹುಡುಗಿಯರು ಅರ್ಜಿ ಹಾಕುತ್ತಾರೆ.

ಅಚ್ಚಗನ್ನಡ:

ಮತ್ತೆ ಸಕ್ಕದದ ಹೊರೆ. ಕನ್ನಡದಲ್ಲಿ ಪದ ಇಲ್ಲವೇ? ತಾಳು, ತಾಳ್ಮೆ. ದುಡಿ, ದುಡಿಮೆ. ಹಾಗೆಯೇ ಕೇಳು, ‘ಕೇಳ್ಮೆ’. ಓದು ಹೇಗೂ ನಮ್ಮದೇ. ತಮಿಳಿನಲ್ಲಿ ಕೇಳ್, ತುಳುವಿನಲ್ಲಿ ಕೇಣ್, ಮಲಯಾಳದಲ್ಲೂ ಇದೇ ಬೇರು. ಪರೀಕ್ಷೆಗೆ ‘ಒರೆ’ ಇದೆ, ಒರೆಗಲ್ಲು ಎಲ್ಲರಿಗೂ ಗೊತ್ತು. ‘ಕೇಳ್ಮೆಯೊರೆ, ಓದಿನೊರೆ’. ಎರಡು ಕಾಲಂ ಏನು, ಒಂದೇ ಕಾಲಂ ಸಾಕು.

ಡೆಸ್ಕ್‌ನವ:

ಜಾಗ ಉಳಿಯುತ್ತದೆ, ಓದುವವರು ಉಳಿಯಲ್ಲ.

ತಮಾಷೆ ಬಿಡಿ. ‘ಕೇಳು’ ಅಂದರೆ ನಮ್ಮಲ್ಲಿ ಪ್ರಶ್ನೆ ಕೇಳೋದೂ ಹೌದು, ಸಾಲ ಕೇಳೋದೂ ಹೌದು. ನೀವೇ ಹೇಳಿದ ತಮಿಳಿನಲ್ಲಿ ‘ಕೇಳ್ವಿ’ ಅಂದರೆ ಪ್ರಶ್ನೆ. ‘ಕೇಳುವ ಪರೀಕ್ಷೆ’ಯಲ್ಲಿ ಹುಡುಗರು ಪ್ರಶ್ನೆ ಕೇಳುತ್ತಾರೋ ಉತ್ತರ ಕೊಡುತ್ತಾರೋ? ‘ಲಿಸನಿಂಗ್ ಟೆಸ್ಟ್’ ಅಂತ ಬರೆದುಬಿಡಿ ಮೇಡಂ. ಓದುವವರು ಶಿಕ್ಷಕರು. ಸ್ಟಾಫ್ ರೂಮಿನಲ್ಲಿ ಬೇರೆ ಯಾವ ಪದವೂ ಓಡಲ್ಲ.

ತೈವಾನ್ ಕನ್ನಡಿಗ:

ಸಿಂಚು ಊರಿಂದ ಬರೆಯುತ್ತಿದ್ದೇನೆ. ಕೆಲಸ ಚಿಪ್ ಕಂಪನಿಯಲ್ಲಿ, ಚೀನೀ ಕಲಿತದ್ದು ಸಂತೆಗಾಗಿ. ಆದರೆ ಈ ವಿಷಯ ಮನೆಯಲ್ಲೇ ನಡೆಯುತ್ತಿದೆ, ಮಗಳು ಇಲ್ಲಿನ ಹೈಸ್ಕೂಲಿನಲ್ಲಿದ್ದಾಳೆ.

ಚೀನೀಯಲ್ಲಿ ಇದಕ್ಕೆ ‘ಥಿಂಗ್‌ಲೀ’ ಅನ್ನುತ್ತಾರೆ. ಥಿಂಗ್ ಅಂದರೆ ಕೇಳು, ಲೀ ಅಂದರೆ ಬಲ. ಕಿವಿ ಡಾಕ್ಟರ ಹತ್ತಿರ ಹೋದರೂ ಥಿಂಗ್‌ಲೀ, ಇಂಗ್ಲಿಷ್ ಪರೀಕ್ಷೆಯಲ್ಲೂ ಥಿಂಗ್‌ಲೀ. ಮೈಸೂರಿನವರು ಹೇಳಿದ ಗೊಂದಲ ಅವರಲ್ಲೂ ಇದೆ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ ಅಷ್ಟೇ.

ಅನುವಾದಕಿಯವರು ಇನ್ನೊಂದು ನೋಡಿಕೊಳ್ಳಬೇಕು. ಲಿಸನಿಂಗ್ ಅನ್ನುವ ಒಂದೇ ಹೆಸರಿನಲ್ಲಿ ಮೂರು ಕಡೆ ಮೂರು ಬಗೆಯ ಕೆಲಸ ಇದೆ. ಚೀನಾದ್ದು ನೀವು ಬರೆದ ಹಾಗೆ ಪತ್ರಿಕೆಯ ಒಂದು ಭಾಗ. ತೈವಾನಿನಲ್ಲಿ ಕಾಲೇಜು ಪ್ರವೇಶ ಪರೀಕ್ಷಾ ಕೇಂದ್ರ ಅದನ್ನು ಪೂರ್ತಿ ಬೇರೆ ಪರೀಕ್ಷೆಯಾಗಿ ಮಾಡುತ್ತದೆ. 40 ಪ್ರಶ್ನೆ, 60 ನಿಮಿಷ. ಅಂಕ ಇಲ್ಲ, ಎ, ಬಿ, ಸಿ, ಎಫ್ ಅಂತ ದರ್ಜೆ. ಹಾಂಗ್‌ಕಾಂಗಿನಲ್ಲಿ ಮೂರನೇ ಪತ್ರಿಕೆ. ಅಲ್ಲಿ ಮಕ್ಕಳು ರೆಕಾರ್ಡಿಂಗ್ ಕೇಳುತ್ತಾ ಟಿಪ್ಪಣಿ ಮಾಡಿಕೊಂಡು, ಜೊತೆಗೆ ಕೊಟ್ಟ ಕಾಗದಪತ್ರ ಓದಿ, ಎರಡನ್ನೂ ಸೇರಿಸಿ ಪತ್ರವೋ ವರದಿಯೋ ಬರೆಯಬೇಕು. ಎಷ್ಟೋ ವರ್ಷ ಅನೇಕ ಕೇಂದ್ರಗಳಲ್ಲಿ ರೇಡಿಯೊದಲ್ಲೇ ಪ್ರಸಾರ, ಮಕ್ಕಳು ತಮ್ಮ ರೇಡಿಯೊ ತಾವೇ ತರಬೇಕಿತ್ತು. ಬ್ಯಾಟರಿಯನ್ನೂ.

ವಾಚನ ಅಂತೂ ಬೇಡವೇ ಬೇಡ. ಚೀನೀಯಲ್ಲಿ ಮನಸ್ಸಿನಲ್ಲಿ ಓದಿ ಅರ್ಥ ಮಾಡಿಕೊಳ್ಳುವುದಕ್ಕೆ ‘ಯುವೆತೂ’, ಗಟ್ಟಿಯಾಗಿ ಓದುವುದಕ್ಕೆ ‘ಲಾಂಗ್‌ತೂ’. ನಮ್ಮ ಕಾವ್ಯವಾಚನ, ಗಮಕವಾಚನ ಎರಡನೆಯದು. ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಕಂಪ್ಯೂಟರ್ ಮುಂದೆ ಕೂತು ಕೇಳುವ, ಮಾತಾಡುವ ಪರೀಕ್ಷೆ ಇದೆ. ಅದರ ಮೊದಲ ಭಾಗವೇ ವಿಡಿಯೊದಲ್ಲಿ ಕೇಳಿದ ಧಾಟಿಯಲ್ಲೇ ಗಟ್ಟಿಯಾಗಿ ಓದುವುದು. ನಿಮ್ಮ ಲೇಖನದಲ್ಲಿ ಅದೂ ಬಂದರೆ ‘ವಾಚನ’ ಅಲ್ಲಿಗೆ ಬೇಕಾಗುತ್ತದೆ. ಈಗಲೇ ಖರ್ಚು ಮಾಡಬೇಡಿ.

ಅನುವಾದಕಿ, ಬೆಂಗಳೂರು:

ಗುವಾಂಗ್‌ಡಾಂಗ್ ಬಂದಿದೆ ಸರ್. ತುಂಬಾ ಉಪಕಾರ. ಹಾಗಾದರೆ ‘ಗ್ರಹಿಕೆ’ ಸೇರಿಸಲೇ? ‘ಕೇಳಿ ಗ್ರಹಿಸುವಿಕೆ, ಓದಿ ಗ್ರಹಿಸುವಿಕೆ’?

ಅಚ್ಚಗನ್ನಡ:

ಗ್ರಹಿಕೆ ಕನ್ನಡವಲ್ಲ. ‘ಅರಿ’ ಇದೆ.

ತೈವಾನ್ ಕನ್ನಡಿಗ:

ಗ್ರಹಿಕೆ ಅಂದರೂ ಅರ್ಧ ಸತ್ಯವೇ. ಇಲ್ಲಿನ ಮಕ್ಕಳು ಓದಿನಲ್ಲಿ ಗಟ್ಟಿ, ಕೇಳುವಾಗ ಎಡವುತ್ತಾರೆ. ಪುಟದಲ್ಲಿ ಕಂಡರೆ ತಕ್ಷಣ ಗುರುತಿಸುವ ಪದ ಕಿವಿಗೆ ಬಿದ್ದರೆ ಗೊತ್ತಾಗುವುದಿಲ್ಲ. ಕಾರಣ ಅವರ ನುಡಿಯಲ್ಲೇ ಇದೆ. ಮ್ಯಾಂಡರಿನ್ ಮಾತಿನ ತುಂಡುಗಳು ಕೊನೆಯಲ್ಲಿ ಸ್ವರಕ್ಕೋ ಅನುನಾಸಿಕಕ್ಕೋ ನಿಲ್ಲುತ್ತವೆ, ಹೆಚ್ಚೆಂದರೆ ಒಂದು ರಕಾರ. ‘ವಾಕ್’, ‘ವಾಕ್ಡ್’ ಎರಡರ ಬಾಲವೂ ಅವರ ಕಿವಿಯಲ್ಲಿ ಕರಗಿಹೋಗುತ್ತದೆ. ಅದರ ಮೇಲೆ, ಅವರ ಕ್ರಿಯಾಪದಕ್ಕೆ ನಿನ್ನೆ ಇವತ್ತು ಅಂತ ರೂಪ ಬದಲಾಗುವುದೂ ಇಲ್ಲ. ಹಾಂಗ್‌ಕಾಂಗಿನ ಕ್ಯಾಂಟನೀಸ್ ಮಕ್ಕಳದು ಬೇರೆ ಕಥೆ. ಅವರಲ್ಲಿ ಪ್, ತ್, ಕ್ ಕೊನೆಗೆ ಬರುತ್ತವೆ, ಬಾಯಿ ಬಿಡದೆ ಅಲ್ಲೇ ನುಂಗಿಬಿಡುತ್ತಾರೆ. ಹೀ, ಶೀ ಎರಡಕ್ಕೂ ಮ್ಯಾಂಡರಿನ್‌ನಲ್ಲಿ ‘ಥಾ’ ಒಂದೇ ಉಚ್ಚಾರ, ಬರಹದಲ್ಲಿ ಮಾತ್ರ ಬೇರೆ. ಹಾಗಾಗಿ ಕಥೆ ಕೇಳುತ್ತಾ ಯಾರು ಗಂಡು ಯಾರು ಹೆಣ್ಣು ಅಂತ ಕೈತಪ್ಪುತ್ತದೆ.

ಸಂಖ್ಯೆ ಇನ್ನೂ ಕಷ್ಟ. ನಾವು ಲಕ್ಷದಲ್ಲಿ ಎಣಿಸುವ ಹಾಗೆ ಅವರು ‘ವಾನ್’ನಲ್ಲಿ, ಅಂದರೆ ಹತ್ತು ಸಾವಿರದಲ್ಲಿ ಎಣಿಸುತ್ತಾರೆ. ಇಂಗ್ಲಿಷಿನಲ್ಲಿ ದೊಡ್ಡ ಸಂಖ್ಯೆ ಕೇಳಿದರೆ ಸೊನ್ನೆ ಸರಿಸಿಕೊಳ್ಳುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತದೆ.

ಅಂದರೆ ಈ ಪರೀಕ್ಷೆ ಕಿವಿಯನ್ನೂ ಅಳೆಯುತ್ತದೆ, ಬುದ್ಧಿಯನ್ನೂ ಅಳೆಯುತ್ತದೆ. ಬರೀ ‘ಗ್ರಹಿಕೆ’ ಅಂದರೆ ಕಿವಿ ಬಿಟ್ಟುಹೋಗುತ್ತದೆ.

ಹಳೇಮೇಷ್ಟ್ರು, ಧಾರವಾಡ:

ನಾನು ಅದನ್ನೇ ಹೇಳಿದ್ದು. ಕಿವಿಯೂ ಹೌದು, ಮನಸ್ಸೂ ಹೌದು ಎಂದರೆ ಶ್ರವಣ.

ಶ್ರವಣತಜ್ಞೆ, ಮೈಸೂರು:

ಸರ್, ಹಾಗಾದರೆ ನಮ್ಮ ಬೋರ್ಡಿಗೆ ಏನು ಬರೆಸೋದು?

ಅಚ್ಚಗನ್ನಡ:

ಚೀನೀಯರಿಂದ ಕಲಿಯಬೇಕಾದ್ದು ಬೇರೆ ಇದೆ. ಅವರು ಕಂಪ್ಯೂಟರಿಗೆ ‘ಮಿಂಚು-ಮಿದುಳು’ ಅಂತ ತಮ್ಮದೇ ಪದ ಕಟ್ಟಿಕೊಂಡರು. ಯಾರನ್ನೂ ಬೇಡಲಿಲ್ಲ. ನಾವು ಮಾತ್ರ ಒಂದು ಕೈಯಲ್ಲಿ ಸಕ್ಕದ, ಇನ್ನೊಂದು ಕೈಯಲ್ಲಿ ಇಂಗ್ಲಿಷ್ ಹಿಡಿದು ನಿಂತಿದ್ದೇವೆ.

ತೈವಾನ್ ಕನ್ನಡಿಗ:

ಮಿಂಚು-ಮಿದುಳು ನಿಜ, ‘ತಿಯೆನ್‌ನಾವ್’. ಆದರೆ ಬೇಡಲಿಲ್ಲ ಅನ್ನೋದು ಸುಳ್ಳು. ಕಾಫಿ ಅವರಿಗೂ ‘ಖಾಫೇ’, ಸೋಫಾ ‘ಶಾಫಾ’. ನಮ್ಮ ವಿಷಯಕ್ಕೇ ಬನ್ನಿ. ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಟೋಫೆಲ್ ಪರೀಕ್ಷೆ ಅವರ ಬಾಯಲ್ಲಿ ‘ಥುವೊಫೂ’. ಬರೆದ ಅಕ್ಷರಗಳ ಅರ್ಥ ‘ನಿಮ್ಮ ಪುಣ್ಯದಿಂದ’ ಅನ್ನೋ ಹಾಗೆ ಬರುತ್ತದೆ. ಅಂಥದೇ ಇನ್ನೊಂದು ಪರೀಕ್ಷೆ ಐಇಎಲ್‌ಟಿಎಸ್ ‘ಯಾಸ್’ ಆಗಿದೆ. ‘ಸಮಾಜ’, ‘ತತ್ವಶಾಸ್ತ್ರ’ ಇಂಥವಕ್ಕೆ ಅವರು ಈಗ ಬಳಸುವ ಪದಗಳನ್ನು ಆ ಅರ್ಥದಲ್ಲಿ ಚಲಾವಣೆಗೆ ತಂದವರು ಜಪಾನೀಯರು. ಅವರು ಜಾಸ್ತಿ ಅನುವಾದ ಮಾಡುವುದಕ್ಕೆ ಮುಖ್ಯ ಕಾರಣ ಅಭಿಮಾನ ಅಲ್ಲ, ಲಿಪಿ. ಪ್ರತಿ ಅಕ್ಷರಕ್ಕೂ ಒಂದು ಅರ್ಥ ಅಂಟಿಕೊಂಡಿರುತ್ತದೆ, ಬರೀ ಸದ್ದನ್ನು ಬರೆಯೋದು ತೊಡಕು. ನಮಗೆ ಆ ತೊಂದರೆ ಇಲ್ಲ.

ಇನ್ನು ಸಂಸ್ಕೃತ. ‘ಛಾನಾ’ ಅಂದರೆ ಕ್ಷಣ. ಬೌದ್ಧ ಗ್ರಂಥಗಳ ಜೊತೆ ಹೋದ ನಮ್ಮ ‘ಕ್ಷಣ’ವೇ ಅದು. ‘ಛಾನ್’ ಅಂದರೆ ಧ್ಯಾನ.

ಹಳೇಮೇಷ್ಟ್ರು, ಧಾರವಾಡ:

ಕೇಳಿದಿರಾ ಅಚ್ಚಗನ್ನಡದವರೇ? ಚೀನೀಯರಿಗೆ ಭಾರ ಆಗದ ಸಂಸ್ಕೃತ ನಿಮಗೆ ಭಾರ.

ಅಚ್ಚಗನ್ನಡ:

ಒಂದೆರಡು ಪದ ತೆಗೆದುಕೊಳ್ಳೋದು ಬೇರೆ, ಮನೆಯನ್ನೇ ಬರೆದುಕೊಡೋದು ಬೇರೆ.

ತೈವಾನ್ ಕನ್ನಡಿಗ:

ಅಂದ ಹಾಗೆ ಅನುವಾದಕಿಯವರೇ, ‘ಗಾವ್‌ಕಾವ್’ ಇಂಗ್ಲಿಷ್ ಕಾಗುಣಿತದ ನಕಲು. ಚೀನೀಯಲ್ಲಿ ಮೊದಲ ಅಕ್ಷರ ನಮ್ಮ ಕ, ಎರಡನೆಯದು ನಮ್ಮ ಖ. ‘ಕಾವ್‌ಖಾವ್’ ಅಂತ ಬರೆದರೆ ಉಚ್ಚಾರಕ್ಕೆ ಹತ್ತಿರ. ಅಲ್ಪಪ್ರಾಣ, ಮಹಾಪ್ರಾಣದ ಭೇದ ಅವರಲ್ಲಿ ಜೀವಂತ ಇದೆ. ಇಂಗ್ಲಿಷ್ ಲಿಪಿಗಿಂತ ನಮ್ಮ ಲಿಪಿ ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ಡೆಸ್ಕ್‌ನವ:

ಅಚ್ಚಗನ್ನಡದವರಿಗೆ ಮಹಾಪ್ರಾಣ ಚೀನಾದಿಂದ ಆಮದಾಗಿದೆ. ಸುಂಕ ಕಟ್ಟಿ ಬಿಡಿಸಿಕೊಳ್ಳಿ.

ಮೇಡಂ, ಕಾಗುಣಿತ ಮಾತ್ರ ಬದಲಿಸಬೇಡಿ. ಗೂಗಲ್‌ನಲ್ಲಿ ಹುಡುಕಿದವರಿಗೆ ಸಿಗಲ್ಲ. ನಾವು ಬೀಜಿಂಗನ್ನೂ ಬೀಜಿಂಗ್ ಅಂತಲೇ ಬರೆಯೋದು.

ಹೈಸ್ಕೂಲ್ ಟೀಚರ್, ಹಾಸನ:

ಇಷ್ಟು ಹೊತ್ತು ಓದಿ ನಗು ಬಂತು. ನಮ್ಮ ಭಾಷಾ ತರಬೇತಿಯಲ್ಲಿ ನಾಲ್ಕು ಕೌಶಲ ಅಂತ ಹೇಳಿಕೊಡುತ್ತಾರೆ: ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು. ಆಲಿಸು ಅನ್ನುವ ಪದ ಕೈಯಲ್ಲೇ ಇರುವಾಗ ಹೊಸದು ಯಾಕೆ? ಅದಕ್ಕೆ ಪ್ರಶ್ನೆ ಕೇಳುವ ಅರ್ಥ ಇಲ್ಲ, ಕಿವಿ ಆಸ್ಪತ್ರೆಯವರೂ ಬಳಸಲ್ಲ. ಕೇಳಿಸೋದು ತಾನಾಗೇ ಆಗುತ್ತದೆ, ಆಲಿಸೋದು ನಾವು ಮಾಡಬೇಕು. ಓದಿಗೆ ‘ಗದ್ಯಭಾಗ ಓದಿ ಉತ್ತರಿಸಿ’ ಅಂತ ನಮ್ಮ ಪ್ರಶ್ನೆಪತ್ರಿಕೆಯಲ್ಲೇ ಇರುತ್ತದಲ್ಲ, ಅದೇ ಧಾಟಿ ಹಿಡಿಯಿರಿ. ‘ಆಲಿಸಿ ಉತ್ತರಿಸಿ, ಓದಿ ಉತ್ತರಿಸಿ’. ತಲೆಬರಹಕ್ಕೆ ಇದಕ್ಕಿಂತ ಚೆನ್ನಾಗಿರೋದು ನನಗಂತೂ ಕಾಣಲ್ಲ.

ಹಳೇಮೇಷ್ಟ್ರು, ಧಾರವಾಡ:

ಆಲಿ ಅಂದರೆ ಕಣ್ಣುಗುಡ್ಡೆ. ಕಣ್ಣಾಲಿ. ಕಣ್ಣಿನ ಪದ ತಂದು ಕಿವಿಗೆ ಹಚ್ಚಿದಿರಿ.

ಅಚ್ಚಗನ್ನಡ:

ಸದ್ದು ಒಂದೇ ಆದರೆ ಬೇರು ಒಂದೇ ಆಗುತ್ತದೆಯೇ? ತೆಲುಗಿನಲ್ಲಿ ಆಲಿಂಚು, ಆಲಕಿಂಚು ಇವೆ, ಎರಡೂ ಕೇಳುವುದೇ. ಕಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಕೇಳ್ಮೆಗಿಂತ ಉದ್ದ, ಆದರೂ ಆಲಿಸು ಆಗಬಹುದು. ನನ್ನ ತಕರಾರು ‘ಉತ್ತರಿಸಿ’ ಮೇಲೆ.

ಅನುವಾದಕಿ, ಬೆಂಗಳೂರು:

ಹಾಸನದ ಟೀಚರ್ ನನ್ನನ್ನು ಉಳಿಸಿದರು. ಇನ್ನೊಂದೇ ಒಂದು. ಬಹು ಆಯ್ಕೆಯಲ್ಲಿ ಬೇಕಂತಲೇ ಇಡುವ ತಪ್ಪು ಉತ್ತರಕ್ಕೆ, ಅಂದರೆ ಡಿಸ್ಟ್ರ್ಯಾಕ್ಟರ್‌ಗೆ, ಏನು ಹೇಳುತ್ತೀರಿ? ಲೇಖನದಲ್ಲಿ ಗಾವ್‌ಕಾವ್‌ನ ಆ ಪ್ರಸಿದ್ಧ ಮಾದರಿ ಪ್ರಶ್ನೆ ಇದೆ. ಅಂಗಡಿಯಲ್ಲಿ ಅಂಗಿಯ ಬೆಲೆ ಎಷ್ಟು ಅಂತ. ಆಯ್ಕೆಗಳು 19.15, 9.18, 9.15 ಪೌಂಡ್. ಸರಿ ಉತ್ತರ 9.15.

ತೈವಾನ್ ಕನ್ನಡಿಗ:

ಚೀನಾದಲ್ಲಿ ಆ ಅಂಗಿ ಗೊತ್ತಿಲ್ಲದ ಹುಡುಗ ಇಲ್ಲ! ‘ಅಂಗಿಯ ಬೆಲೆ ಒಂಬತ್ತು ಪೌಂಡ್ ಹದಿನೈದು ಪೆನ್ಸ್’ ಅನ್ನುವ ಸೂಚನೆ ವರ್ಷವರ್ಷ ಅದೇ ದನಿಯಲ್ಲಿ ಬಂದು ದೊಡ್ಡ ಜೋಕ್ ಆಗಿಹೋಗಿದೆ. ಆಯ್ಕೆಗಳನ್ನು ಗಮನಿಸಿ. ಒಂದು ನೈನ್‌ಗೆ ನೈಂಟೀನ್ ಬಲೆ, ಇನ್ನೊಂದು ಫಿಫ್ಟೀನ್‌ಗೆ ಏಯ್ಟೀನ್ ಬಲೆ. ಎರಡೂ ಕಿವಿಗೇ ಹಾಕಿದ್ದು.

ಹಳೇಮೇಷ್ಟ್ರು, ಧಾರವಾಡ:

‘ವಿಚಲಕ’.

ಅಚ್ಚಗನ್ನಡ:

‘ತಪ್ಪೆಳೆಕ’.

ಹೈಸ್ಕೂಲ್ ಟೀಚರ್, ಹಾಸನ:

‘ದಾರಿ ತಪ್ಪಿಸುವ ಆಯ್ಕೆ’ ಅಂತ ಬಿಡಿಸಿ ಬರೆಯಿರಿ. ಎಲ್ಲದಕ್ಕೂ ಒಂದೇ ಪದ ಬೇಕು ಅಂತ ಏನಿಲ್ಲ.

ಅನುವಾದಕಿ, ಬೆಂಗಳೂರು:

ಪುಟ ಹೋಯಿತು. ತಲೆಬರಹ: ‘ಆಲಿಸಿ ಉತ್ತರಿಸಿ, ಓದಿ ಉತ್ತರಿಸಿ: ಚೀನೀ ಮಕ್ಕಳ ಇಂಗ್ಲಿಷ್ ಪರೀಕ್ಷೆ’. ಒಳಗೆ ‘ಆಲಿಸುವ ಕೌಶಲ’, ‘ಓದಿ ತಿಳಿಯುವ ಕೌಶಲ’. ಗುವಾಂಗ್‌ಡಾಂಗ್ ಭಾಗದಲ್ಲಿ ‘ಗಟ್ಟಿಯಾಗಿ ಓದುವುದು’ ಅಂತ ಹಾಕಿದೆ, ವಾಚನ ಅಲ್ಲಿಗೂ ಬೇಕಾಗಲಿಲ್ಲ. ಗಾವ್‌ಕಾವ್ ಹಾಗೇ ಇದೆ. ಎಲ್ಲರಿಗೂ ವಂದನೆ.

ಅಚ್ಚಗನ್ನಡ:

‘ಕೌಶಲ’ ಯಾಕೆ? ‘ಚಳಕ’ ಇದೆಯಲ್ಲ.

ಹಳೇಮೇಷ್ಟ್ರು, ಧಾರವಾಡ:

ಕೈಚಳಕ ಮಾಡೋವರ ಪರೀಕ್ಷೆ ಏನ್ರೀ ಇದು? ಕುಶಲ ಅಂದರೆ ಕುಶವನ್ನು, ಅಂದರೆ ದರ್ಭೆಯನ್ನು ಕೈಗೆ ಗಾಯ ಆಗದಂತೆ ಕೊಯ್ಯುವವನು ಅಂತ…

ನಿರ್ವಾಹಕ:

ದರ್ಭೆಗೆ ಹೊಸ ಎಳೆ ತೆರೆಯಿರಿ. ಇದನ್ನು ಮುಚ್ಚಿದ್ದೇನೆ.